ಜರ್ಮನಿ ಪಿಂಚಣಿ, ಪಿಎಫ್ ಪಿಂಚಣಿ: ಬೆಂಗಳೂರಿನಲ್ಲಿದ್ದುಕೊಂಡೇ ಎರಡನ್ನೂ ಪಡೆಯುವುದು

ಜರ್ಮನಿಯಲ್ಲಿ ಕೆಲವು ವರ್ಷ ದುಡಿದು ಬಂದವರಿಗೆ ನಾನು ಮೊದಲು ಹೇಳುವ ಮಾತು ಒಂದೇ: ಅಲ್ಲಿ ಕಟ್ಟಿದ ಪಿಂಚಣಿ ಹಣವನ್ನು ಅವಸರದಲ್ಲಿ ವಾಪಸ್ ತೆಗೆದುಕೊಳ್ಳಬೇಡಿ. ದೇಶ ಬಿಟ್ಟು 24 ತಿಂಗಳಾದ ಮೇಲೆ ಕೆಲವರಿಗೆ ರಿಫಂಡ್ ಸಿಗುತ್ತದೆ, ನಿಜ. ಆದರೆ ಕೈಗೆ ಬರುವುದು ನಿಮ್ಮ ಸಂಬಳದಿಂದ ಹಿಡಿದ ಪಾಲು ಮಾತ್ರ. ಕಂಪನಿ ಕಟ್ಟಿದ ಪಾಲು ಹೋಯಿತು. ಆ ವರ್ಷಗಳ ಲೆಕ್ಕವೂ ಅಲ್ಲಿಗೆ ಮುಗಿಯಿತು.

ನಾನು 1991ರಿಂದ ಎರಡು ವರ್ಷ ಸ್ಟುಟ್‌ಗಾರ್ಟ್‌ನಲ್ಲಿ ಕೆಲಸ ಮಾಡಿದೆ. ಮಗ ಅಲ್ಲೇ ಹುಟ್ಟಿದ. ಇನ್ನೆರಡು ವರ್ಷ ಅವನನ್ನು ನೋಡಿಕೊಂಡು ಮನೆಯಲ್ಲಿದ್ದೆ. ಆಮೇಲೆ ಬೆಂಗಳೂರಿಗೆ ಬಂದು ಪೀಣ್ಯದ ಕಾರ್ಖಾನೆಯೊಂದರಲ್ಲಿ ನಿವೃತ್ತಿವರೆಗೂ ದುಡಿದೆ. ಈಗ ಎರಡೂ ಕಡೆಯಿಂದ ಪಿಂಚಣಿ ಬರುತ್ತಿದೆ.

ಜರ್ಮನಿಯಲ್ಲಿ ವೃದ್ಧಾಪ್ಯ ಪಿಂಚಣಿಗೆ ಕನಿಷ್ಠ 60 ತಿಂಗಳು ಬೇಕು. ನನ್ನದು 48. ಉಳಿದ 12 ತಿಂಗಳನ್ನು ತುಂಬಿಕೊಟ್ಟಿದ್ದು ಭಾರತ ಮತ್ತು ಜರ್ಮನಿ ನಡುವಿನ ಸಾಮಾಜಿಕ ಭದ್ರತಾ ಒಪ್ಪಂದ. 2011ರಲ್ಲಿ ಸಹಿಯಾಗಿ, 2017ರ ಮೇ 1ರಿಂದ ಜಾರಿಯಲ್ಲಿದೆ. ಅದಕ್ಕೂ ಹಿಂದಿನ ವರ್ಷಗಳೂ ಲೆಕ್ಕಕ್ಕೆ ಬರುತ್ತವೆ. ಇಲ್ಲಿನ ಪಿಎಫ್ ಸರ್ವಿಸನ್ನು ಅಲ್ಲಿನ ತಿಂಗಳುಗಳಿಗೆ ಕೂಡಿಸಿ ಅರ್ಹತೆ ನೋಡುತ್ತಾರೆ. ಹಣ ಮಾತ್ರ ಆಯಾ ದೇಶ ತನ್ನ ಅವಧಿಗಷ್ಟೇ ಕೊಡುತ್ತದೆ.

ಹೆಂಗಸರು ಈ ಮಾತನ್ನು ಗಮನವಿಟ್ಟು ಓದಿ. ನನ್ನ 48 ತಿಂಗಳಲ್ಲಿ ಅರ್ಧ, ಮಗುವನ್ನು ಬೆಳೆಸಿದ ಅವಧಿ. 1992 ಮತ್ತು ಆಮೇಲೆ ಹುಟ್ಟಿದ ಮಗುವಿಗೆ ಜರ್ಮನಿ ಮೂರು ವರ್ಷದವರೆಗೆ ಪಿಂಚಣಿ ಲೆಕ್ಕದಲ್ಲಿ ಸೇರಿಸುತ್ತದೆ, ಮಗುವನ್ನು ಅಲ್ಲೇ ಬೆಳೆಸಿದ್ದರೆ. ಗಂಡನ ಜೊತೆ ಹೋಗಿ ಒಂದು ದಿನವೂ ಆಫೀಸಿಗೆ ಹೋಗದವರು ಕೂಡ ಇದನ್ನು ಕೇಳಿ ನೋಡಬೇಕು. ತಾನಾಗಿ ಯಾರೂ ಸೇರಿಸಿ ಕೊಡುವುದಿಲ್ಲ. ವಿ 0800 ಅನ್ನುವ ಫಾರಂ ತುಂಬಿ, ಮಗುವಿನ ಜನನ ಪ್ರಮಾಣಪತ್ರ ಲಗತ್ತಿಸಬೇಕು. ಮಗು ಸಾಕಿದ್ದೂ ದುಡಿಮೆಯೇ ಅಲ್ವಾ? ಅದನ್ನು ಸುಮ್ನೆ ಬಿಟ್ಟುಬಿಡಬೇಡಿ.

ಮೊತ್ತದ ಅಂದಾಜು ಹೀಗೆ. ಅಲ್ಲಿನ ಸರಾಸರಿ ಸಂಬಳದಲ್ಲಿ ಒಂದು ವರ್ಷ ದುಡಿದರೆ ಒಂದು ಪಿಂಚಣಿ ಪಾಯಿಂಟ್. ಮಗುವಿನ ಒಂದು ವರ್ಷಕ್ಕೂ ಹೆಚ್ಚುಕಮ್ಮಿ ಅಷ್ಟೇ. 2025ರ ಜುಲೈನಲ್ಲಿ ಒಂದು ಪಾಯಿಂಟಿಗೆ ತಿಂಗಳಿಗೆ 40.79 ಯೂರೋ ಇತ್ತು. ಆ ಲೆಕ್ಕದಲ್ಲಿ ನಾಲ್ಕು ಪಾಯಿಂಟಿಗೆ 163 ಯೂರೋ, ಅಂದರೆ ಹದಿನೈದು ಸಾವಿರ ರೂಪಾಯಿಗೂ ಜಾಸ್ತಿ. ಇಲ್ಲಿನ ಇಪಿಎಸ್, ಅಂದರೆ ಪಿಎಫ್ ಜೊತೆಗಿರುವ ಪಿಂಚಣಿ, ಇದರ ಮುಂದೆ ಚಿಕ್ಕದು. 15,000 ರೂಪಾಯಿ ಸಂಬಳ ಮಿತಿಯಲ್ಲಿ ಪ್ರತಿ 7 ವರ್ಷದ ಸರ್ವಿಸಿಗೆ ತಿಂಗಳಿಗೆ 1,500ರಂತೆ ಲೆಕ್ಕ. ಹಾಗಂತ ಅದನ್ನೂ ಬಿಡಬೇಡಿ. ಅದಕ್ಕೆ 10 ವರ್ಷ ಸರ್ವಿಸ್ ಬೇಕು. ನಿಮ್ಮದು ಕಡಿಮೆ ಇದ್ದರೆ 10ಸಿ ಫಾರಂ ಹಾಕಿ ಹಣ ತೆಗೆಯುವ ಮೊದಲು, ಜರ್ಮನಿಯ ವರ್ಷಗಳನ್ನು ಕೂಡಿಸಿದರೆ ಹತ್ತಾಗುತ್ತದಾ ಅಂತ ಪಿಎಫ್ ಕಚೇರಿಯಲ್ಲಿ ವಿಚಾರಿಸಿ. ಇಪಿಎಸ್ 58ಕ್ಕೆ ಶುರುವಾಗುತ್ತದೆ, ಫಾರಂ 10ಡಿ. ಜರ್ಮನಿಯದು ತಡ: 1959ರಲ್ಲಿ ಹುಟ್ಟಿದವರಿಗೆ 66 ವರ್ಷ 2 ತಿಂಗಳು, 1964 ಮತ್ತು ಆಮೇಲಿನವರಿಗೆ 67.

ನಿಜವಾದ ತಲೆನೋವು ಹೆಸರಿನದು. ಜರ್ಮನಿಯ ಪಿಂಚಣಿ ನಂಬರಿನಲ್ಲಿ 12 ಅಕ್ಷರ-ಅಂಕಿಗಳಿರುತ್ತವೆ. ಮೊದಲ ಎರಡರ ನಂತರ ನಿಮ್ಮ ಹುಟ್ಟಿದ ದಿನಾಂಕ, ಆಮೇಲೆ ಹುಟ್ಟುಹೆಸರಿನ ಸರ್‌ನೇಮ್‌ನ ಮೊದಲ ಅಕ್ಷರ. ನಮಗೆ ಸರ್‌ನೇಮ್ ಎಲ್ಲಿದೆ? ನನ್ನ ಹಳೇ ಪಾಸ್‌ಪೋರ್ಟಿನ ಆ ಜಾಗದಲ್ಲಿ ಅಪ್ಪನ ಹೆಸರಿತ್ತು, ಹಾಗಾಗಿ ನಂಬರಿನಲ್ಲಿ ಅಪ್ಪನ ಅಕ್ಷರ. ಆಧಾರ್‌ನಲ್ಲಿ ಗಂಡನ ಹೆಸರು, ಪಿಎಫ್‌ನಲ್ಲಿ ಬರೀ ಇನಿಷಿಯಲ್. ಮೂವರೂ ಒಬ್ಬಳೇ ಅಂತ ತೋರಿಸಲು ಮದುವೆ ಪ್ರಮಾಣಪತ್ರ, ರದ್ದಾದ ಪಾಸ್‌ಪೋರ್ಟು, ನೋಟರಿ ಅಫಿಡವಿಟ್ಟು ಎಲ್ಲ ಕೊಟ್ಟೆ. ಪಿಎಫ್ ಹೆಸರನ್ನು ಜಾಯಿಂಟ್ ಡಿಕ್ಲರೇಷನ್‌ನಲ್ಲಿ (ನೀವೂ ಕಂಪನಿಯೂ ಸೇರಿ ಕೊಡುವ ತಿದ್ದುಪಡಿ ಅರ್ಜಿ) ಮೊದಲೇ ಸರಿ ಮಾಡಿಸಿಕೊಳ್ಳಿ. ಹಳೇ ಪಾಸ್‌ಪೋರ್ಟು, ಜರ್ಮನ್ ಕಂಪನಿ ವರ್ಷಕ್ಕೊಮ್ಮೆ ಕೊಟ್ಟ ಸಾಮಾಜಿಕ ವಿಮೆ ಚೀಟಿ, ಯಾವುದನ್ನೂ ರದ್ದಿಗೆ ಹಾಕಬೇಡಿ.

ಪಿಂಚಣಿ ವಯಸ್ಸಿಗೆ ಒಂದೆರಡು ವರ್ಷ ಇರುವಾಗಲೇ ಜರ್ಮನಿಯ ಪಿಂಚಣಿ ಸಂಸ್ಥೆ ಡಾಯ್ಚೆ ರೆಂಟನ್‌ಫರ್‌ಸಿಷೆರುಂಗ್‌ಗೆ ಬರೆದು ನಿಮ್ಮ ವಿಮಾ ಇತಿಹಾಸದ ಪ್ರತಿ ತರಿಸಿಕೊಳ್ಳಿ. ಖಾಲಿ ಬಿಟ್ಟ ತಿಂಗಳಿದ್ದರೆ ಆಗಲೇ ದಾಖಲೆ ಕೊಟ್ಟು ತುಂಬಿಸಬಹುದು. ಅರ್ಜಿಯನ್ನು ಇಲ್ಲಿನ ಪಿಎಫ್ ಕಚೇರಿ ಮೂಲಕವೂ ಹಾಕಬಹುದು. ನಮ್ಮಲ್ಲಿ ರಾಜಾರಾಮ್ ಮೋಹನ್ ರಾಯ್ ರಸ್ತೆಯ ಭವಿಷ್ಯ ನಿಧಿ ಭವನ ಇದೆ. ದಿನಾಂಕದ ಸೀಲು ಬಿದ್ದ ಸ್ವೀಕೃತಿ ಇಲ್ಲದೆ ಅಲ್ಲಿಂದ ಏಳಬೇಡಿ. ಯಾಕೆಂದರೆ ಅರ್ಹತೆ ಬಂದ ತಿಂಗಳು ಮುಗಿದು ಮೂರು ತಿಂಗಳೊಳಗೆ ಅರ್ಜಿ ಹಾಕಿದರೆ ಮೊದಲಿನಿಂದ ಪಿಂಚಣಿ. ತಡವಾದರೆ ಅರ್ಜಿ ಹಾಕಿದ ತಿಂಗಳಿಂದ ಮಾತ್ರ. ಹಿಂದಿನದು ಹೋದ ಹಾಗೆಯೇ.

ಹಣ ಇಲ್ಲಿನ ಬ್ಯಾಂಕ್ ಖಾತೆಗೇ ಬರುತ್ತದೆ, ವಿದೇಶದಿಂದ ಹಣ ಬರಲು ಬೇಕಾದ ಬ್ಯಾಂಕಿನ ಸ್ವಿಫ್ಟ್ ಕೋಡ್ ಕೊಡಬೇಕು. ವರ್ಷಕ್ಕೊಮ್ಮೆ ಬದುಕಿದ್ದೇವೆ ಅನ್ನುವ ಪ್ರಮಾಣ ಎರಡೂ ಕಡೆ ಬೇಕು. ಇಪಿಎಸ್‌ಗೆ ಜೀವನ್ ಪ್ರಮಾಣ್ ಅನ್ನುವ ಡಿಜಿಟಲ್ ಪ್ರಮಾಣಪತ್ರ, ಮೊಬೈಲಿನಲ್ಲಿ ಮುಖ ತೋರಿಸಿದರೂ ಆಗುತ್ತದೆ. ಜರ್ಮನಿಯವರ ಫಾರಂ ಅಂಚೆಯಲ್ಲಿ ಬರುತ್ತದೆ. ಅದು ಭರ್ತಿಯಾಗಿ ವಾಪಸ್ ಹೋಗದಿದ್ದರೆ ಪಿಂಚಣಿ ನಿಲ್ಲುತ್ತದೆ. ಹಾಗಾಗಿ ವಿಳಾಸದಲ್ಲಿ ಹಳೇ ನಂಬರ್, ಹೊಸ ನಂಬರ್, ಕ್ರಾಸು, ಮೇನು, ಪಿನ್‌ಕೋಡ್ ಎಲ್ಲ ಬರೆಯಿರಿ. ಮನೆ ಬದಲಾಯಿಸಿದರೆ ಆ ವಾರವೇ ತಿಳಿಸಿ.