ಮಗು ಈಗ ಯಾರ ಹತ್ತಿರ ಇದೆ?

ಅಡಿಕೆ ಕೊಯ್ಲು ಶುರುವಾಯಿತೆಂದರೆ ಶಿರಸಿ ಕಡೆ ಮನೆಮಂದಿಯೆಲ್ಲ ತೋಟಕ್ಕೆ, ಅಂಗಳಕ್ಕೆ, ಸುಲಿಯುವ ಚಪ್ಪರಕ್ಕೆ ಹಂಚಿಹೋಗುತ್ತಾರೆ. ಕಾರವಾರದಲ್ಲಿ ಅಪ್ಪ ದೋಣಿಯ ಮೇಲೆ, ಅಮ್ಮ ಮೀನು ಮಾರ್ಕೆಟ್ಟಿನಲ್ಲಿ. ಅಜ್ಜಿ ನೋಡಿಕೊಳ್ಳುತ್ತಿದ್ದಾರೆಂದು ಅಮ್ಮ, ಚಿಕ್ಕಮ್ಮನ ಹತ್ತಿರ ಇದೆಯೆಂದು ಅಜ್ಜಿ ಅಂದುಕೊಂಡಿರುವ ಹೊತ್ತಿನಲ್ಲೇ ಮಗು ಬಾವಿಯ ಹತ್ತಿರ ಹೋಗಿರುತ್ತದೆ.

ಇದಕ್ಕೆ ಹೊಸ ಆಪ್ ಏನೂ ಬೇಡ. ಮಗುವನ್ನು ನೋಡಿಕೊಳ್ಳುವವರಷ್ಟೇ ಇರುವ ವಾಟ್ಸಾಪ್ ಗುಂಪು ಮಾಡಿ. ವಹಿಸಿಕೊಂಡವರು 'ಈಗ ನನ್ನ ಹತ್ತಿರ ಇದ್ದಾಳೆ' ಎಂದು ಧ್ವನಿ ಸಂದೇಶ ಹಾಕಲಿ. ಅಜ್ಜಿಗೂ ಅದು ಸುಲಭ. ಇನ್ನೊಬ್ಬರು ಹಾಗೆ ಹೇಳುವ ತನಕ ಜವಾಬ್ದಾರಿ ಅವರದ್ದೇ. ಘಟ್ಟದ ಊರುಗಳಲ್ಲಿ ನೆಟ್‌ವರ್ಕ್ ಕೈಕೊಡುತ್ತದೆ. ಸಂದೇಶದ ಪಕ್ಕ ಪುಟ್ಟ ಗಡಿಯಾರದ ಗುರುತು ಕಂಡರೆ ಅದು ಹೋಗಿಲ್ಲ. ಆಗ ಎದುರಿಗೇ ಹೇಳಿ, ಮಗುವಿನ ಕೈ ಹಿಡಿಸಿಯೇ ಹೊರಡಿ.

ತಾಳ್ಮೆ ತಪ್ಪುವ ಹೊತ್ತಿಗೂ ಫೋನ್ ಒದಗುತ್ತದೆ. ಹಾಲು ಕುಡಿಸಿ, ಬಟ್ಟೆ ಬದಲಿಸಿದರೂ ಕೂಸು ಅಳು ನಿಲ್ಲಿಸದೆ ನಿಮಗೆ ಸಿಟ್ಟು ಏರುತ್ತಿದ್ದರೆ ಅದನ್ನು ತೊಟ್ಟಿಲಲ್ಲಿ ಅಂಗಾತ ಮಲಗಿಸಿ, 10 ನಿಮಿಷಕ್ಕೆ ಟೈಮರ್ ಇಟ್ಟು ಜಗಲಿಗೆ ಬನ್ನಿ. ಅಕ್ಕನಿಗೆ ಕರೆ ಮಾಡಿ. ಯಾರೂ ಸಿಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, 14416, ಕನ್ನಡದಲ್ಲೇ ಮಾತಾಡಬಹುದು. ಕೂಸನ್ನು ಹಿಡಿದು ಜೋರಾಗಿ ಅಲುಗಾಡಿಸಿದರೆ ಮಿದುಳಿನಲ್ಲಿ ರಕ್ತಸ್ರಾವವಾಗಿ ಜೀವಕ್ಕೇ ಅಪಾಯ. ಜ್ವರವಿದ್ದು ಹಾಲೂ ಬಿಟ್ಟಿದ್ದರೆ ಟೈಮರ್ ಇಡುತ್ತ ಕೂರಬೇಡಿ, ಡಾಕ್ಟರ ಹತ್ತಿರ ಹೋಗಿ.

ದೊಡ್ಡ ಮಕ್ಕಳ ಫೋನಿಗೆ ಗೂಗಲ್ ಫ್ಯಾಮಿಲಿ ಲಿಂಕ್ ಹಾಕಬಹುದು. ಹೊಸ ಆಪ್‌ಗೆ ನಿಮ್ಮ ಒಪ್ಪಿಗೆ ಕೇಳುತ್ತದೆ, ರಾತ್ರಿ ಫೋನ್ ಲಾಕ್ ಮಾಡುತ್ತದೆ. ವಾಟ್ಸಾಪ್ ಚಾಟ್ ಮಾತ್ರ ಅದು ತೋರಿಸದು. ಅಲ್ಲಿ ಯಾರಾದರೂ ಪೀಡಿಸಿದರೂ, ಹೇಳಿದರೆ ಫೋನ್ ಕಸಿದುಕೊಳ್ಳುತ್ತಾರೆಂಬ ಹೆದರಿಕೆಗೇ ಎಷ್ಟೋ ಮಕ್ಕಳು ಬಾಯಿ ಬಿಡುವುದಿಲ್ಲ. ಕಸಿಯುವುದಿಲ್ಲವೆಂದು ಮೊದಲೇ ಮಾತು ಕೊಡಿ, ಉಳಿಸಿಕೊಳ್ಳಿ.

ಯಾರೋ ಕೆಟ್ಟದಾಗಿ ಮುಟ್ಟಿದರೆಂದು ಮಗು ಹೇಳಿದರೆ 'ಏನಾಯಿತು?' ಎಂದಷ್ಟೇ ಕೇಳಿ. ಅದರ ಮಾತನ್ನು ಅದೇ ಪದಗಳಲ್ಲಿ, ದಿನಾಂಕ, ಹೊತ್ತು ಹಾಕಿ ಬರೆದಿಡಿ. ವಿಡಿಯೋ ಮಾಡಬೇಡಿ, ನಾಲ್ಕು ಜನರೆದುರು ಮತ್ತೆ ಹೇಳಿಸಬೇಡಿ. ಫೋನಿನಲ್ಲಿ ಪೀಡಿಸಿದವನಾದರೆ ಅವನ ನಂಬರ್, ಪ್ರೊಫೈಲ್, ಬರಹದ ಚಾಟ್‌ಗಳ ಸ್ಕ್ರೀನ್‌ಶಾಟ್ ತೆಗೆದ ಮೇಲೆಯೇ ಬ್ಲಾಕ್ ಮಾಡಿ. ಮಗುವಿನ ಅಶ್ಲೀಲ ಚಿತ್ರವಿದ್ದರೆ ಸಾಕ್ಷಿಗೆಂದೂ ಯಾರಿಗೂ ಫಾರ್ವರ್ಡ್ ಮಾಡಬೇಡಿ, ಅದೇ ಅಪರಾಧ. ಆ ಫೋನನ್ನೇ ಪೊಲೀಸರಿಗೆ ತೋರಿಸಿ.

1098 ಮಕ್ಕಳ ಸಹಾಯವಾಣಿ, ಹಗಲು ರಾತ್ರಿ ಉಚಿತ. ಜೀವಕ್ಕೆ ಅಪಾಯವಿದ್ದರೆ 112. ಮನೆಯ ಎಲ್ಲ ಫೋನುಗಳಲ್ಲಿ ಇವತ್ತೇ ಸೇವ್ ಮಾಡಿ. ಠಾಣೆ ಮೆಟ್ಟಿಲು ಹತ್ತಬೇಕಲ್ಲ ಎಂದು ಹಿಂಜರಿಯುವವರು ಬಹಳ. ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಪಾಡುವ 2012ರ ಪೋಕ್ಸೊ ಕಾಯ್ದೆ ಪ್ರಕಾರ ಮಗುವಿನ ಹೇಳಿಕೆಯನ್ನು ಮನೆಯಲ್ಲೇ ಪಡೆಯಬಹುದು, ಪೊಲೀಸರು ಸಮವಸ್ತ್ರದಲ್ಲಿ ಬರುವಂತಿಲ್ಲ.