ಗ್ರೂವ್ ಕೆಡುವುದು ಮೂಲೆಯ ಲೆಕ್ಕದಲ್ಲಿ

ಪೀಣ್ಯದ ಶೆಡ್ಡುಗಳಲ್ಲಿ ಸಿಎನ್‌ಸಿ ಲೇತ್ (ಪ್ರೋಗ್ರಾಮಿನಂತೆ ಓಡುವ ಕಡೆಯುವ ಯಂತ್ರ) ಕಲಿಯಲು ಬರುವ ಹುಡುಗರು 5 ಮಿ.ಮೀ. ಅಗಲದ ಗ್ರೂವನ್ನು (ಶಾಫ್ಟಿನ ಸುತ್ತ ಕೊಯ್ಯುವ ಕಾಲುವೆಯನ್ನು) 8 ಮಿ.ಮೀ. ಮಾಡಿ ಕೈಚೆಲ್ಲಿ ನಿಂತದ್ದನ್ನು ಎಷ್ಟೋ ಸಲ ನೋಡಿದ್ದೇನೆ. ಆ ಹೆಚ್ಚಿನ 3 ಮಿ.ಮೀ. ಬೇರೇನಲ್ಲ, ಇನ್ಸರ್ಟಿನ, ಅಂದರೆ ಟೂಲಿನ ತುದಿಯಲ್ಲಿ ಕೂರುವ ಕೊಯ್ಯುವ ತುಂಡಿನ, ಅಗಲ.

40 ಮಿ.ಮೀ. ವ್ಯಾಸದ ಇಎನ್8 ಉಕ್ಕಿನ ಶಾಫ್ಟ್ ಎಂದುಕೊಳ್ಳಿ. ಮುಖದಿಂದ (ಶಾಫ್ಟಿನ ತುದಿಯ ಚಪ್ಪಟೆ ಭಾಗದಿಂದ) 20 ಮಿ.ಮೀ.ಗೆ ಗ್ರೂವ್ ಶುರು, 25ಕ್ಕೆ ಕೊನೆ, ಆಳ 3 ಮಿ.ಮೀ. ಎಕ್ಸ್ ಎಂದರೆ ಶಾಫ್ಟಿನ ಅಡ್ಡ ದಿಕ್ಕು, ಜ಼ಡ್ ಎಂದರೆ ಉದ್ದದ ದಿಕ್ಕು, ಮುಖದಿಂದ ಶಾಫ್ಟನ್ನು ಹಿಡಿಯುವ ಚಕ್ಕಿನ ಕಡೆಗೆ ಮೈನಸ್. ಎಕ್ಸ್ ಅಂಕಿಯಲ್ಲಿ ಲೇತ್ ಓದುವುದು ವ್ಯಾಸವನ್ನು. ಹಾಗಾಗಿ ತಳ ಎಕ್ಸ್34, ಎಕ್ಸ್37 ಅಲ್ಲ.

1. ಫೇಸಿಂಗ್ (ಮುಖ ಸಮ ಮಾಡುವುದು), ಟರ್ನಿಂಗ್ (ಹೊರಮೈ ಕಡೆಯುವುದು) ಮುಗಿಸಿ.

2. ಟೂಲನ್ನು ಆದಷ್ಟು ಗಿಡ್ಡ, ಹೊರಚಾಚು ಕಡಿಮೆ ಇರುವಂತೆ, ಹಿಡಿಯಿರಿ. ಬ್ಲೇಡಿನ ಪಕ್ಕಕ್ಕೆ ಡಯಲ್ ಗೇಜ್ ತಾಗಿಸಿ ಎಕ್ಸ್ ದಿಕ್ಕಿನಲ್ಲಿ ಓಡಿಸಿ, ಮುಳ್ಳು ಅಲುಗಬಾರದು. ಕಣ್ಣಂದಾಜಿನಲ್ಲಿ ಕೂರಿಸಿದ ಟೂಲ್ ಗೋಡೆಯನ್ನು ಓರೆಯಾಗಿಯೇ ಕೊಯ್ಯುತ್ತದೆ.

3. ಆಫ್‌ಸೆಟ್. ಅಂದರೆ ಟೂಲಿನ ತುದಿ ಎಲ್ಲಿದೆಯೆಂದು ಲೇತಿಗೆ ತಿಳಿಸುವುದು. ಎಡವುವುದು ಇಲ್ಲೇ. ಇನ್ಸರ್ಟಿಗೆ ಎರಡು ಮೂಲೆ. ಚಕ್ ಕಡೆಯ ಎಡ ಮೂಲೆಯನ್ನು ಮುಖಕ್ಕೆ ತಾಗಿಸಿ ಜ಼ಡ್ ಸೊನ್ನೆ ಮಾಡಿದರೆ, ಪ್ರೋಗ್ರಾಮಿನ ಪ್ರತಿ ಅಂಕಿಯೂ ಆ ಮೂಲೆಯದೇ. ಎಡ ಗೋಡೆಗೆ ಮೈನಸ್ 25 ಸರಿ. ಬಲ ಗೋಡೆಗೆ ಡ್ರಾಯಿಂಗ್ ನೋಡಿ ಮೈನಸ್ 20 ಬರೆದಿರೋ, ಬಲ ಮೂಲೆ ಮೈನಸ್ 17ಕ್ಕೆ ಹೋಗಿ ಕೂರುತ್ತದೆ. ಬರೆಯಬೇಕಾದದ್ದು ಮೈನಸ್ 23. ನಾನು ಸದಾ ಎಡ ಮೂಲೆಯನ್ನೇ ಹಿಡಿಯುತ್ತೇನೆ, ಸೆಟ್ಟಿಂಗ್ ಶೀಟಿನ ಮೇಲೆ ಪೆನ್ನಿನಲ್ಲಿ ‘ಎಡ’ ಎಂದು ಬರೆಯುತ್ತೇನೆ. ರಾತ್ರಿ ಪಾಳಿಯವನು ಬಲ ಮೂಲೆ ತಾಗಿಸಿದರೆ ಮುಗಿಯಿತು ಕಥೆ. ಅಗಲವನ್ನೂ ಡಬ್ಬಿಯ ಮೇಲಿನದನ್ನು ನಂಬದೆ ಮೈಕ್ರೋಮೀಟರಿನಲ್ಲಿ ಅಳೆಯಿರಿ. ಅಗ್ಗದ ಇನ್ಸರ್ಟುಗಳಲ್ಲಿ ಒಂದರಂತೆ ಇನ್ನೊಂದು ಇರುವುದಿಲ್ಲ.

4. ವೇಗ ನಿಮಿಷಕ್ಕೆ ಸುಮಾರು 800 ಸುತ್ತು, ಫೀಡ್ (ಟೂಲ್ ಮುಂದೊತ್ತುವುದು) ಸುತ್ತಿಗೆ 0.08 ಮಿ.ಮೀ. ರಫಿಂಗಿನಲ್ಲಿ, ಅಂದರೆ ಮೊದಲ ಒರಟು ಕೊಯ್ತದಲ್ಲಿ, ಗೋಡೆಗೆ 0.1 ಮಿ.ಮೀ. ಉಳಿಸಿ ಮೈನಸ್ 24.9ರಲ್ಲಿ ಒಮ್ಮೆ, ಮೈನಸ್ 23.1ರಲ್ಲಿ ಒಮ್ಮೆ ಎಕ್ಸ್34.2ರವರೆಗೆ ಇಳಿಸಿ. ಗ್ರೂವಿಗೆಂದೇ ಇರುವ ಸಿದ್ಧ ಜಿ75 ಸೈಕಲ್ ಹಾಕಿ ಕೈತೊಳೆದುಕೊಳ್ಳುವವರಿದ್ದಾರೆ. ರಫಿಂಗಿಗೆ ಸರಿ, ಫಿನಿಶಿಂಗಿಗೆ ನನಗದು ಬೇಡ. ಕೂಲಂಟ್ ನೇರ ಗ್ರೂವಿನೊಳಗೇ ಬೀಳಲಿ. ಸುತ್ತಿಕೊಂಡ ಲೋಹದ ಸಿಪ್ಪೆಗೆ (ಚಿಪ್) ಎಂದೂ ಕೈ ಹಾಕಬೇಡಿ.

5. ಫಿನಿಶಿಂಗಿನಲ್ಲಿ ಮೈನಸ್ 25ರಲ್ಲಿ ಎಕ್ಸ್34ಕ್ಕೆ ಇಳಿಸಿ, ತಳದಲ್ಲೇ ನಡುವಿನವರೆಗೆ ಸರಿಸಿ, ನೇರ ಮೇಲೆತ್ತಿ. ಮತ್ತೆ ಮೈನಸ್ 23ರಿಂದ ಹಾಗೆಯೇ. ಪ್ರತಿ ಸಲ ತಳ ಮುಟ್ಟಿದಾಗ ಟೂಲನ್ನು ತಡೆದು ನಿಲ್ಲಿಸುವ ಜಿ04ರಲ್ಲಿ 0.15 ಸೆಕೆಂಡ್ ನಿಲ್ಲಿಸಿ. ಅಷ್ಟರಲ್ಲಿ ಶಾಫ್ಟ್ ಎರಡು ಸುತ್ತು ಸುತ್ತಿ ತಳ ದುಂಡಾಗುತ್ತದೆ. ಹೆಚ್ಚು ನಿಲ್ಲಿಸಿದರೆ ಉಜ್ಜಿ ಹೊಳಪೇರುತ್ತದೆ, ಮೊನೆ ಸವೆಯುತ್ತದೆ.

6. ಹೊರಬರುವಾಗ ಮೊದಲು ಎಕ್ಸ್, ಆಮೇಲೆ ಜ಼ಡ್. ಎರಡನ್ನೂ ಒಂದೇ ಸಾಲಿನಲ್ಲಿ ಬರೆದು ಬ್ಲೇಡ್ ಮುರಿದವರ ಪಟ್ಟಿಯಲ್ಲಿ ನಾನೂ ಇದ್ದೇನೆ.

ಅಗಲ ನೋಡಲು ವರ್ನಿಯರ್ ಬೇಡ, 5 ಮಿ.ಮೀ. ಸ್ಲಿಪ್ ಗೇಜ್ (ನಿಖರ ಅಳತೆಯ ಬಿಲ್ಲೆ) ಹಾಕಿ ನೋಡಿ. ಅದು ಅಂಚಿನಲ್ಲೇ ಸಿಕ್ಕಿಕೊಂಡರೆ ಗ್ರೂವ್ ಕಿರಿದಾಯಿತೆಂದು ಆಫ್‌ಸೆಟ್ ತಿದ್ದಲು ಹೊರಡಬೇಡಿ. ಮೊದಲು ಉಗುರಿನಿಂದ ಬರ್ (ಅಂಚಿನಲ್ಲಿ ಎದ್ದ ಲೋಹದ ಮುಳ್ಳು) ತಡಕಿ.