ಮಳೆಗಾಲದಲ್ಲಿ ಬ್ಯಾಂಟಮ್ ಮರಿ ಮಾಡಿಸಿದ ನನ್ನ ಅನುಭವ

ಮೊದಲ ಸಲ ಬ್ಯಾಂಟಮ್ ಅನ್ನುವ ಪುಟ್ಟ ಜಾತಿ ಕೋಳಿಯ 12 ಮೊಟ್ಟೆಯನ್ನು ಇನ್‌ಕ್ಯುಬೇಟರ್‌ನಲ್ಲಿ, ಅಂದರೆ ಕಾವು ಕೊಡುವ ಯಂತ್ರದಲ್ಲಿ, ಇಟ್ಟೆ. ಬಂದಿದ್ದು ಎರಡೇ ಮರಿ. 23ನೇ ದಿನದವರೆಗೂ ಕಾದು, ಉಳಿದವನ್ನು ಒಡೆದು ನೋಡಿದೆ. ಏಳರಲ್ಲಿ ಪೂರ್ತಿ ಬೆಳೆದ ಮರಿಗಳಿದ್ದವು. ಪುಕ್ಕ, ಕೊಕ್ಕು, ಉಗುರು ಎಲ್ಲ ಮೂಡಿತ್ತು. ಆದರೆ ಮೈ ಊದಿಕೊಂಡು, ಸುತ್ತ ನೀರು ತುಂಬಿತ್ತು. ಅವತ್ತು ರಾತ್ರಿ ಊಟ ಸೇರಲಿಲ್ಲ.

ನಮ್ಮದು ಶಿವಮೊಗ್ಗ ಜಿಲ್ಲೆಯ ಸಾಗರದ ಹತ್ತಿರದ ಹಳ್ಳಿ. ಅದು ಜುಲೈ ತಿಂಗಳು. ಇನ್‌ಕ್ಯುಬೇಟರ್ ಜೊತೆ ಬಂದ ಹಾಳೆಯಲ್ಲಿ ಹೇಳಿದ ಹಾಗೆ ಮೊದಲ ದಿನವೇ ನೀರು ತುಂಬಿದ್ದೆ. ಒಳಗಿನ ತೇವಾಂಶ ಯಾವಾಗಲೂ ನೂರಕ್ಕೆ 65ರ ಮೇಲೇ ಇತ್ತು. ಅಮ್ಮ ನೋಡಿ, "ಹೇಂಟೆ ನೀರಿನ ತಟ್ಟೆ ಇಟ್ಕೊಂಡು ಕಾವಿಗೆ ಕೂರುತ್ತೇನೇ?" ಅಂದಳು. ಆ ಮಾತು ಅವತ್ತಿಂದ ತಲೆಯಲ್ಲಿ ಕೊರೆಯುತ್ತಲೇ ಇತ್ತು.

ಮೊಟ್ಟೆಯೊಳಗಿನ ನೀರು ದಿನಾ ಸ್ವಲ್ಪ ಸ್ವಲ್ಪ ಆರಬೇಕು. ಅದು ಆರಿದಷ್ಟೂ ದಪ್ಪ ತುದಿಯಲ್ಲಿರುವ ಗಾಳಿಯ ಜಾಗ ಹಿಗ್ಗುತ್ತದೆ. ಮರಿ ಚಿಪ್ಪು ಒಡೆಯುವ ಮುಂಚೆ ಮೊದಲ ಉಸಿರು ಎಳೆಯುವುದು ಅಲ್ಲಿಂದಲೇ. ನೀರು ಆರದಿದ್ದರೆ ಆ ಜಾಗವೇ ಸಾಲದು. ಸುಮಾರು 18 ದಿನಕ್ಕೆ ಮೊಟ್ಟೆಯ ತೂಕ ನೂರಕ್ಕೆ 12–13ರಷ್ಟು ಇಳಿದರೆ ಸರಿ.

ಹಾಗಾಗಿ ಎರಡನೇ ಸಲ ತಕ್ಕಡಿ ಹಿಡಿದೆ. ಪ್ರತಿ ಮೊಟ್ಟೆಗೂ ಪೆನ್ಸಿಲ್‌ನಲ್ಲಿ ನಂಬರ್ ಹಾಕಿ, ತೂಕ ಬರೆದಿಟ್ಟೆ. ಬ್ಯಾಂಟಮ್ ಮೊಟ್ಟೆ ಚಿಕ್ಕದಲ್ವಾ, ಒಂದೊಂದು 35 ಗ್ರಾಂ ಆಸುಪಾಸು. ಶಾಖ 37.5 ಡಿಗ್ರಿ, ದಿನಕ್ಕೆ ಮೂರು ಸಲ ತಿರುಗಿಸುವುದು, ಎಲ್ಲ ಮೊದಲಿನಂತೆಯೇ. ನೀರು ಮಾತ್ರ ಒಂದು ಹನಿಯೂ ಹಾಕಲಿಲ್ಲ. ಹೊರಗೆ ಸುರಿಯುವ ಮಳೆಯ ತೇವವೇ ಸಾಕಾಯಿತು. ತೇವಾಂಶದ ಮೀಟರ್ 42ರಿಂದ 45ರ ನಡುವೆ ನಿಂತಿತು.

ಏಳನೇ ದಿನ ಕತ್ತಲಲ್ಲಿ ಟಾರ್ಚ್ ಹಿಡಿದು ನೋಡಿದೆ. ಎರಡರಲ್ಲಿ ಏನೂ ಇರಲಿಲ್ಲ, ತೆಗೆದೆ. ಉಳಿದ ಹತ್ತರಲ್ಲಿ ಜೇಡರ ಬಲೆಯಂತೆ ಕೆಂಪು ನರಗಳು. ಈ ಹತ್ತರ ಒಟ್ಟು ತೂಕ ಮೊದಲ ದಿನ 350 ಗ್ರಾಂ ಇತ್ತು. ಒಂಬತ್ತನೇ ದಿನ 329, 18ನೇ ದಿನ 306. ಮಧ್ಯೆ ಒಂದು ರಾತ್ರಿ ಮೂರು ಗಂಟೆ ಕರೆಂಟ್ ಇರಲಿಲ್ಲ. ಮುಚ್ಚಳ ತೆಗೆಯದೆ ಕಂಬಳಿ ಹೊದಿಸಿ ಕೂತೆ.

18ನೇ ದಿನ ತಿರುಗಿಸುವುದು ನಿಲ್ಲಿಸಿ, ಆಗ ನೀರು ತುಂಬಿದೆ. ಕೊನೆಯ ಮೂರು ದಿನ ತೇವ ಬೇಕೇ ಬೇಕು, ಇಲ್ಲದಿದ್ದರೆ ಒಳಪೊರೆ ಒಣಗಿ ಮರಿಗೆ ಅಂಟಿಕೊಳ್ಳುತ್ತದೆ. 19ನೇ ರಾತ್ರಿ ಒಂದು ಮೊಟ್ಟೆಯಲ್ಲಿ ಸಣ್ಣ ಬಿರುಕು ಕಂಡಿತು, ಒಳಗಿಂದ ಕೀಚ್ ಕೀಚ್ ಸದ್ದು. ಆ ಮರಿ ಹೊರಬರಲು 17 ಗಂಟೆ ತಗೊಂಡಿತು. ಚಿಪ್ಪು ಬಿಡಿಸಿಕೊಡೋಣ ಅಂತ ಎಷ್ಟು ಸಲ ಕೈ ಮುಂದೆ ಹೋಯಿತೋ! ತಡೆದುಕೊಂಡೆ. ಆ ಹೊತ್ತಲ್ಲೇ ಮರಿ ಹಳದಿ ಭಾಗವನ್ನೂ ನರಗಳ ರಕ್ತವನ್ನೂ ಒಳಗೆ ಎಳೆದುಕೊಳ್ಳುತ್ತದೆ. ಅವಸರ ಮಾಡಿದರೆ ರಕ್ತ ಸುರಿದು ಸಾಯಬಹುದು.

21ನೇ ದಿನ ಬೆಳಿಗ್ಗೆಗೆ ಎಂಟು ಮರಿ. ಮೈ ಒಣಗಿದ ಮೇಲೆ ಬಲ್ಬ್ ಹಾಕಿದ ರಟ್ಟಿನ ಪೆಟ್ಟಿಗೆಗೆ ಬಿಟ್ಟೆ, ಅಲ್ಲಿ 35 ಡಿಗ್ರಿ. ನಿಂಬೆಹಣ್ಣಿನಷ್ಟೂ ಇಲ್ಲದ ಮರಿಗಳು, ಬಟ್ಟಲು ನೀರಲ್ಲೇ ಮುಳುಗಿಬಿಡಬಹುದು. ಅದಕ್ಕೆ ಅಮ್ಮ ಹೊಳೆಯಿಂದ ತಂದ ನುಣ್ಣನೆ ಕಲ್ಲುಗಳನ್ನು ನೀರಿನ ತಟ್ಟೆಗೆ ತುಂಬಿಸಿದಳು. ಕಲ್ಲಿನ ಸಂದಿಗೆ ಕೊಕ್ಕು ಅದ್ದಿ, ತಲೆ ಮೇಲೆತ್ತಿ, ಒಂದೊಂದಾಗಿ ನೀರು ಕುಡಿದವು.